ಮಾರುವ ಮುನ್ನ ಮನೆಯನ್ನು ಅಣಿಗೊಳಿಸುವುದು: ದಾವಣಗೆರೆಯ ಮನೆ ಮಾಲೀಕರಿಗೊಂದು ಮಾರ್ಗದರ್ಶಿ

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ದಾವಣಗೆರೆಯ ಮನೆಮನೆಯಲ್ಲೂ ಸುಣ್ಣಬಣ್ಣ ನಡೆಯುತ್ತದೆ, ಅಟ್ಟದ ಸಾಮಾನು ಕೆಳಗಿಳಿಯುತ್ತದೆ, ಪಾತ್ರೆಪಡಗ ಹೊಳೆಯುತ್ತವೆ. ಎರಡು ದಿನ ಉಂಡು ಹೋಗುವ ಬೀಗರಿಗಾಗಿ ಇಷ್ಟೆಲ್ಲ ಮಾಡುವ ನಾವು, ಜೀವಮಾನದ ಉಳಿತಾಯವನ್ನು ಹಿಡಿದು ಮನೆ ಕೊಳ್ಳಲು ಬರುವ ಕುಟುಂಬದ ಮುಂದೆ ಮಾತ್ರ ‘ಇದ್ದದ್ದನ್ನು ಇದ್ದ ಹಾಗೆ ನೋಡಿಕೊಳ್ಳಲಿ’ ಎಂದು ಸುಮ್ಮನಿದ್ದುಬಿಡುತ್ತೇವೆ.

ನಮ್ಮ ತಂದೆ ನಿಟುವಳ್ಳಿ ಕಡೆ ಕಟ್ಟಿಸಿದ್ದ, 30x40 ನಿವೇಶನದ ಮನೆಯನ್ನು ಮಾರಲು ಹೊರಟಾಗ ನಾನೂ ಇದೇ ತಪ್ಪನ್ನು ಮಾಡಿದೆ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ ಇತ್ತು; ಆದರೆ ಅದರಲ್ಲಿ ಎರಡು ಮಂಚ, ಒಂದು ಗಾಡ್ರೇಜ್ ಬೀರು, ತಾಯಿಯ ಹೊಲಿಗೆ ಯಂತ್ರ ಮತ್ತು ಮೂರು ಟ್ರಂಕುಗಳು ತುಂಬಿಕೊಂಡಿದ್ದರಿಂದ ಬಂದವರೆಲ್ಲ ಬಾಗಿಲಲ್ಲೇ ನಿಂತು ‘ಹಾಲ್ ಸಣ್ಣದಾಯ್ತು’ ಎಂದು ಹೇಳಿ ಹೋದರು. ಚೆನ್ನಗಿರಿ ಕಡೆಯಿಂದ ಮಕ್ಕಳ ಓದಿಗಾಗಿ ಊರಿಗೆ ಬರುತ್ತಿದ್ದ ಒಂದು ಕುಟುಂಬದ ಅಜ್ಜಿಯಂತೂ ಒಳಗೆ ಇಣುಕಿ, ‘ಅಡಿಗಿಮನ್ಯಾಗ ಬೆಳಕ ಇಲ್ಲಲ್ಲಪ್ಪ’ ಎಂದು ಹೇಳಿ ಹೊರಟುಬಿಟ್ಟರು. ಆ ಅಡುಗೆಮನೆಗೆ ಪೂರ್ವದ ಕಿಟಕಿ ಇತ್ತು. ಅದರ ಮುಂದೆ ನಾವು ಡಬ್ಬಿಗಳ ಸಾಲನ್ನು ಜೋಡಿಸಿಟ್ಟಿದ್ದೆವು. ಆಮೇಲೆ ಆರು ವಾರ ಕೆಲಸ ಮಾಡಿ ಮನೆಯನ್ನು ಅಣಿಗೊಳಿಸಿದ ಮೇಲೆ ನೋಡಲು ಬಂದ ಮೂರನೆಯ ಕುಟುಂಬವೇ ಅದನ್ನು ಕೊಂಡಿತು. ಆ ಆರು ವಾರಗಳಲ್ಲಿ ಕಲಿತದ್ದನ್ನು, ಮನೆ ಮಾರಬೇಕೆಂದಿರುವವರಿಗೆ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಇದಕ್ಕೆ ಅಮೆರಿಕದಲ್ಲಿ ಹೋಮ್ ಸ್ಟೇಜಿಂಗ್ ಎಂಬ ಹೆಸರಿದೆ. ಸಿಯಾಟಲ್ ಕಡೆಯ ಬಾರ್ಬ್ ಶ್ವಾರ್ಜ್ ಎಂಬ ಮಹಿಳೆ 1972ರಲ್ಲಿ ಇದನ್ನು ಒಂದು ವೃತ್ತಿಯಾಗಿ ರೂಪಿಸಿದರು ಎನ್ನಲಾಗುತ್ತದೆ. ಅಲ್ಲಿನ ರಿಯಲ್ ಎಸ್ಟೇಟ್ ಏಜೆಂಟರ ರಾಷ್ಟ್ರೀಯ ಸಂಘ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಕೊಳ್ಳುವವರ ಪರ ಕೆಲಸ ಮಾಡುವ ಏಜೆಂಟರಲ್ಲಿ ಶೇ. 81ರಷ್ಟು ಮಂದಿ, ಅಣಿಗೊಳಿಸಿದ ಮನೆಯನ್ನು ನೋಡಿದಾಗ ಗಿರಾಕಿಗಳಿಗೆ ಅದನ್ನು ತಮ್ಮ ಮನೆಯೆಂದು ಕಲ್ಪಿಸಿಕೊಳ್ಳುವುದು ಸುಲಭವಾಗುತ್ತದೆ ಎಂದಿದ್ದರು. ಅಲ್ಲಿನ ಮಾರುಕಟ್ಟೆ ಬೇರೆ, ನಮ್ಮದು ಬೇರೆ. ಆದರೂ ‘ಇಲ್ಲಿ ನಮ್ಮ ಮಂಚ ಎಲ್ಲಿ ಬರುತ್ತದೆ, ದೇವರ ಮನೆ ಎಲ್ಲಿ’ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವುದು ಎಲ್ಲ ಊರಿನ ಕೊಳ್ಳುವವರಿಗೂ ಒಂದೇ. ಆ ಲೆಕ್ಕಕ್ಕೆ ಜಾಗ ಮಾಡಿಕೊಡುವುದೇ ಮಾರುವವರ ಕೆಲಸ.

ಇದರಿಂದ ಆಗುವ ಲಾಭವನ್ನು ಉತ್ಪ್ರೇಕ್ಷಿಸಬಾರದು. ಕೊಳ್ಳುವವರು ಸಾಲ ಪಡೆಯುವ ಬ್ಯಾಂಕಿನ ಮೌಲ್ಯಮಾಪಕರು ನಿವೇಶನದ ಅಳತೆ, ಕಟ್ಟಡದ ವಯಸ್ಸು, ಪರವಾನಗಿ ಪತ್ರ ಇವನ್ನೇ ನೋಡುತ್ತಾರೆಯೇ ಹೊರತು ಸೋಫಾವನ್ನಲ್ಲ. ಲಾಭ ಕಾಣುವುದು ಚೌಕಾಸಿಯಲ್ಲಿ. ಗೋಡೆಯ ಒಂದು ಒದ್ದೆ ಕಲೆಯನ್ನು ಕಂಡವರು ಅದರ ದುರಸ್ತಿಯ ಖರ್ಚನ್ನಷ್ಟೇ ಕಳೆಯುವುದಿಲ್ಲ, ಕಾಣದ ಹತ್ತು ದೋಷಗಳನ್ನು ಊಹಿಸಿ ಅವುಗಳ ಖರ್ಚನ್ನೂ ಸೇರಿಸಿ ಕಳೆಯುತ್ತಾರೆ. ಇನ್ನೊಂದು ಕಾರಣವೂ ಇದೆ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ನಗರದಲ್ಲಿ 60 ಲಕ್ಷ ರೂಪಾಯಿಯ ಮನೆಗೆ ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ನೋಂದಣಿ ಶುಲ್ಕ ಎಲ್ಲ ಸೇರಿ ನಾಲ್ಕೂವರೆ ಲಕ್ಷದಷ್ಟಾಗುತ್ತದೆ. ಅಷ್ಟನ್ನು ಕೈಯಿಂದ ಕಟ್ಟಿದ ಮೇಲೆ ದುರಸ್ತಿಗೆ ಹಣ ಉಳಿಯದ ಕುಟುಂಬವು, ಹಾಲು ಉಕ್ಕಿಸಿ ನೇರವಾಗಿ ಒಳಗೆ ಬರಬಹುದಾದ ಮನೆಯನ್ನೇ ಹುಡುಕುತ್ತದೆ.

ಕಾಲ ಮತ್ತು ಕಣ್ಣು

ಕೆಲಸವನ್ನು ಯಾವಾಗ ಆರಂಭಿಸಬೇಕೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಶಾಲೆಗಳು ಜೂನ್ ಹೊತ್ತಿಗೆ ಆರಂಭವಾಗುವುದರಿಂದ ಮಕ್ಕಳಿರುವ ಕುಟುಂಬಗಳು ಬೇಸಿಗೆ ರಜೆಯಲ್ಲಿ ಮನೆ ಬದಲಿಸಲು ಬಯಸುತ್ತವೆ. ಅಡಿಕೆ ಕೊಯ್ಲು ಮುಗಿದು ಕೈಗೆ ಹಣ ಬಂದ ಬೆಳೆಗಾರರೂ ಅದೇ ಹೊತ್ತಿಗೆ ಊರಿನಲ್ಲಿ ಮನೆ ಹುಡುಕುತ್ತಿರುತ್ತಾರೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮಾತುಕತೆ ಮುಂದುವರಿಸಲು ಹಿಂಜರಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹೀಗಾಗಿ ಸಂಕ್ರಾಂತಿ ಕಳೆದ ಕೂಡಲೇ ಕೆಲಸ ಹಿಡಿದು ಯುಗಾದಿಯ ಹೊತ್ತಿಗೆ ಮನೆಯನ್ನು ತೋರಿಸಲು ಸಿದ್ಧವಾಗುವುದು ಉತ್ತಮ. ಆ ತಿಂಗಳುಗಳಲ್ಲಿ ಗೋಡೆಗಳೂ ಒಣಗಿರುತ್ತವೆ, ಬಣ್ಣ ಚೆನ್ನಾಗಿ ಕೂರುತ್ತದೆ.

ಮುಂದಿನ ಹೆಜ್ಜೆಗೆ ಒಂದು ರೂಪಾಯಿಯೂ ಬೇಡ. ರಸ್ತೆಯ ಆಚೆ ಬದಿಯಲ್ಲಿ ನಿಂತು, ಅಲ್ಲಿಂದ ಗೇಟು, ಕಟ್ಟೆ, ಹೊಸ್ತಿಲು, ಹಾಲ್ ಹೀಗೆ ಹಿತ್ತಿಲಿನವರೆಗೆ ನಡೆಯುತ್ತಾ ಹೆಜ್ಜೆಹೆಜ್ಜೆಗೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಇಪ್ಪತ್ತು ವರ್ಷ ಬಾಳಿದ ಮನೆಯ ಕುಂದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಚಿತ್ರದಲ್ಲಿ ಮಾತ್ರ ಬಾಗಿಲ ಹಿಂದಿನ ಬಟ್ಟೆಯ ರಾಶಿ, ಸ್ವಿಚ್ ಸುತ್ತಲಿನ ಕೈಕೊಳೆ, ಸಜ್ಜಾದ ಕೆಳಗಿನ ಕಪ್ಪು ಗೆರೆ ಎಲ್ಲ ಎದ್ದು ಕಾಣುತ್ತವೆ. ಸಾಧ್ಯವಾದರೆ ನಿಮ್ಮ ಮನೆಗೆ ಎಂದೂ ಬಾರದ ಸ್ನೇಹಿತರೊಬ್ಬರ ಪತ್ನಿಯನ್ನೋ ತಾಯಿಯನ್ನೋ ಕರೆಸಿ, ಮುಲಾಜಿಲ್ಲದೆ ಹೇಳುವಂತೆ ಕೇಳಿಕೊಳ್ಳಿ. ಮನೆ ಕೊಳ್ಳುವ ತೀರ್ಮಾನದಲ್ಲಿ ಕೊನೆಯ ಮಾತು ಸಾಮಾನ್ಯವಾಗಿ ಮನೆಯ ಹೆಂಗಸರದ್ದೇ ಆಗಿರುತ್ತದೆ ಎಂಬುದು ನನ್ನ ಅನುಭವ.

ತೇವ ಮೊದಲು, ಬಣ್ಣ ಆಮೇಲೆ

ಬಹಳ ಜನ ಮನೆ ಮಾರುವ ಮುನ್ನ ಮಾಡುವ ಒಂದೇ ಕೆಲಸವೆಂದರೆ ಬಣ್ಣ ಹೊಡೆಸುವುದು. ತೇವದ ಮೂಲವನ್ನು ನಿಲ್ಲಿಸದೆ ಹೊಡೆಸಿದ ಬಣ್ಣ ಒಂದೇ ಮಳೆಗಾಲದಲ್ಲಿ ಉಬ್ಬಿ ಉದುರುತ್ತದೆ, ಕೊಂಡವರ ಮುಂದೆ ನಮ್ಮ ಮಾತಿನ ಬೆಲೆಯೂ ಅದರೊಡನೆ ಉದುರುತ್ತದೆ. ಆದ್ದರಿಂದ ಗೋಡೆಯಲ್ಲಿ ಕಲೆ ಇದ್ದರೆ ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಗುರುತಿಸಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿಯಲ್ಲಿ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಮೂಡಿದರೆ ತೇವ ಗೋಡೆಯ ಒಳಗಿನಿಂದಲೇ ಬರುತ್ತಿದೆ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಕೋಣೆಗೆ ಗಾಳಿ ಸಾಲದು ಎಂದರ್ಥ. ಕಲೆ ಗೋಡೆಯ ಮೇಲ್ಭಾಗದಲ್ಲಿದ್ದರೆ ಟೆರೇಸನ್ನು, ನಡುವೆ ಇದ್ದರೆ ಹಿಂಬದಿಯ ಬಚ್ಚಲುಮನೆಯ ಪೈಪನ್ನು, ನೆಲದಿಂದ ಎರಡು ಮೂರು ಅಡಿಯೊಳಗಿದ್ದರೆ ಅಡಿಪಾಯದಿಂದ ಏರುವ ತೇವವನ್ನು ಶಂಕಿಸಬೇಕು. ಟೆರೇಸಿನ ಮಳೆನೀರಿನ ಕೊಳವೆಯಲ್ಲಿ ಒಣ ಎಲೆ ಸಿಕ್ಕಿ ನೀರು ನಿಲ್ಲುವುದೇ ಎಷ್ಟೋ ಮನೆಗಳಲ್ಲಿ ಮೂಲ ಕಾರಣವಾಗಿರುತ್ತದೆ. ಅದನ್ನು ತೆಗೆಯಲು ಮೇಸ್ತ್ರಿಯೂ ಬೇಕಿಲ್ಲ. ಗೋಡೆಯ ಮೇಲೆ ಬಿಳಿ ಉಪ್ಪು ಎದ್ದಿದ್ದರೆ ನೀರಿನಿಂದ ತೊಳೆಯಬೇಡಿ, ಕರಗಿದ ಉಪ್ಪು ಮತ್ತೆ ಒಳಗಿಳಿಯುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆದು, ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಪುಟ್ಟಿ, ಪ್ರೈಮರ್ ಮುಟ್ಟಬೇಕು.

ದೋಷವನ್ನು ಸರಿಪಡಿಸಲು ಆಗದಿದ್ದರೆ ಅದನ್ನು ಹೇಳಿಬಿಡಬೇಕು. ಇದು ಸೌಜನ್ಯದ ಮಾತಷ್ಟೇ ಅಲ್ಲ. ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಲಾಗದ, ಆದರೆ ಮಾರುವವರಿಗೆ ತಿಳಿದಿರುವ ಮುಖ್ಯ ದೋಷವನ್ನು ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಬಿರುಕಿನ ಮುಂದೆ ಬೀರು ನಿಲ್ಲಿಸುವುದು, ಸೋರುವ ಜಾಗಕ್ಕೆ ಕ್ಯಾಲೆಂಡರ್ ತೂಗುಹಾಕುವುದು ಈ ಲೇಖನದಲ್ಲಿ ಹೇಳುತ್ತಿರುವ ಅಣಿಗೊಳಿಸುವಿಕೆಯಲ್ಲಿ ಸೇರುವುದಿಲ್ಲ.

ಬಣ್ಣದ ವಿಷಯದಲ್ಲಿ ನಿಮ್ಮ ರುಚಿಯನ್ನು ಬದಿಗಿಡಿ. ಒಂದು ಗೋಡೆಗೆ ನೇರಳೆ, ಇನ್ನೊಂದಕ್ಕೆ ಗಿಳಿಹಸಿರು ಇದ್ದರೆ ಅದನ್ನು ಇಷ್ಟಪಡುವವರು ಸಿಗುವವರೆಗೆ ಕಾಯಬೇಕಾಗುತ್ತದೆ. ಕೆನೆಬಣ್ಣದ ಗೋಡೆಯನ್ನು ಬೇಡವೆನ್ನುವವರು ಇಲ್ಲ. ಎರಡು ಕೋಟ್ ಎಮಲ್ಷನ್‌ಗೆ ಲೀಟರಿಗೆ ಸುಮಾರು 60 ಚದರ ಅಡಿ ಎಂದು ಹಿಡಿದರೆ, 10x12 ಅಡಿಯ, 10 ಅಡಿ ಎತ್ತರದ ಕೋಣೆಯ ಗೋಡೆಗಳಿಗೆ, ಬಾಗಿಲು ಕಿಟಕಿ ಕಳೆದು, ಆರೇಳು ಲೀಟರ್ ಬೇಕಾಗುತ್ತದೆ. ಈ ಲೆಕ್ಕ ತಿಳಿದಿದ್ದರೆ ಪೇಂಟರ್ ಕೊಡುವ ಪಟ್ಟಿಯನ್ನು ಪರಿಶೀಲಿಸಲು ಅನುಕೂಲ. ಎಲ್ಲ ಕೋಣೆಗೂ ಹೊಡೆಸಲು ಹಣ ಸಾಲದಿದ್ದರೆ ಹಾಲ್, ಅಡುಗೆಮನೆ ಮತ್ತು ಎದುರಿನ ಕಾಂಪೌಂಡ್ ಗೋಡೆಯನ್ನು ಆರಿಸಿಕೊಳ್ಳಿ.

ದಾವಣಗೆರೆಯ ಹಳೆ ಪೇಟೆಯಲ್ಲೋ ಚಿತ್ರದುರ್ಗದ ಕೋಟೆಯ ಆಸುಪಾಸಿನಲ್ಲೋ ಇರುವ ಕಲ್ಲು ಮಣ್ಣಿನ ಗೋಡೆಯ ಮಾಳಿಗೆ ಮನೆಗಳ ಮಾತೇ ಬೇರೆ. ಅಂಥ ಗೋಡೆಗಳು ತೇವವನ್ನು ಹೀರಿ ಮತ್ತೆ ಹೊರಬಿಡುತ್ತಾ ಉಸಿರಾಡುತ್ತವೆ. ಅವುಗಳಿಗೆ ಪ್ಲಾಸ್ಟಿಕ್ ಅಂಶದ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗಿಲಾವು ಕಿತ್ತುಬರುತ್ತದೆ. ಸುಣ್ಣವೇ ಅವಕ್ಕೆ ತಕ್ಕದ್ದು. ತೇಗದ ಕಂಬ, ಕೆತ್ತನೆಯ ಬಾಗಿಲು ಚೌಕಟ್ಟುಗಳಿದ್ದರೆ ಎನಾಮೆಲ್ ಬಳಿಯಬೇಡಿ. ಹಳೆಯ ಬಣ್ಣವನ್ನು ಉಜ್ಜಿ ತೆಗೆದು ಎಣ್ಣೆ ಒರೆಸಿದರೆ ಮರದ ಎಳೆಗಳೇ ಕಾಣುತ್ತವೆ. ಇಂಥ ಮನೆಯನ್ನು ಹುಡುಕಿಕೊಂಡು ಬರುವವರು ಅದನ್ನೇ ನೋಡಲು ಬಂದಿರುತ್ತಾರೆ. ರೆಡ್ ಆಕ್ಸೈಡ್ ನೆಲವನ್ನು ಅಗೆದು ಟೈಲ್ಸ್ ಹಾಕಿಸುವುದೂ ಹಾಗೆಯೇ ವ್ಯರ್ಥ. ಚೆನ್ನಾಗಿ ತೊಳೆದು, ಒಣಗಿಸಿ, ಮೇಣದ ಪಾಲಿಶ್ ತೆಳುವಾಗಿ ಹಚ್ಚಿ ಬಟ್ಟೆಯಿಂದ ತಿಕ್ಕಿದರೆ ಸಾಕು.

ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ವಾಸ್ತುವಿಗಾಗಿ ಬಾಗಿಲು ಒಡೆಯುವುದು ಇವುಗಳಿಗೆ ಮಾರುವವರು ಹಣ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬರುವವರು ತಮಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಾರೆ, ನಿಮ್ಮ ಆಯ್ಕೆಗೆ ಬೆಲೆ ಕಟ್ಟುವುದಿಲ್ಲ.

ಸಾಮಾನು ಇಳಿಸುವುದು

ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದೂ ಅತಿ ಕಷ್ಟದ್ದೂ ಇದೇ. ಹೇಗಿದ್ದರೂ ಮನೆ ಖಾಲಿ ಮಾಡುವಾಗ ಕಟ್ಟಲೇಬೇಕಾದ ಸಾಮಾನನ್ನು ಎರಡು ತಿಂಗಳು ಮುಂಚೆ ಕಟ್ಟುತ್ತಿದ್ದೇವೆ ಎಂದುಕೊಂಡರೆ ಮನಸ್ಸು ಹಗುರಾಗುತ್ತದೆ. ಮೂರನೆಯ ಒಂದು ಭಾಗವನ್ನಾದರೂ ಹೊರಗೆ ಸಾಗಿಸಬೇಕು: ತಾಮ್ರದ ಹಂಡೆ, ಹಳೆ ಟ್ರಂಕು, ಹೆಚ್ಚುವರಿ ಹಾಸಿಗೆ, ಮಕ್ಕಳ ಹಳೆಯ ಪುಸ್ತಕಗಳು. ಸಂಬಂಧಿಕರ ಮನೆಯ ಮಹಡಿ ಕೋಣೆಯೋ ಒಂದೆರಡು ತಿಂಗಳಿಗೆ ಬಾಡಿಗೆಗೆ ಹಿಡಿದ ಮಳಿಗೆಯೋ ಸಾಕು. ಅವನ್ನೆಲ್ಲ ಅಟ್ಟಕ್ಕೆ ತುರುಕುವುದರಿಂದ ಪ್ರಯೋಜನವಿಲ್ಲ. ಮನೆ ನೋಡಲು ಬಂದವರು ಅಟ್ಟ, ಗೋಡೆ ಬೀರು, ಮೆಟ್ಟಿಲ ಕೆಳಗಿನ ಜಾಗ ಎಲ್ಲವನ್ನೂ ತೆರೆದು ನೋಡುತ್ತಾರೆ, ಅವು ಅರ್ಧ ಖಾಲಿ ಇದ್ದರಷ್ಟೇ ‘ಇಲ್ಲಿ ಜಾಗ ಇದೆ’ ಎನ್ನಿಸುತ್ತದೆ.

ಗೋಡೆಯ ಮೇಲಿನ ಹಿರಿಯರ ಭಾವಚಿತ್ರಗಳನ್ನು ಇಳಿಸುವುದು ನೋವಿನ ಕೆಲಸ. ತಂದೆಯ ಚಿತ್ರವನ್ನು ಇಳಿಸಿದ ದಿನ ನಮ್ಮ ತಾಯಿ ಊಟ ಮಾಡಲಿಲ್ಲ. ಆದರೂ ಆ ಚಿತ್ರಗಳಿರುವವರೆಗೆ ಬಂದವರಿಗೆ ಅದು ಬೇರೆಯವರ ಮನೆಯಾಗಿಯೇ ಕಾಣುತ್ತದೆ. ಅವನ್ನು ಎಲ್ಲಕ್ಕಿಂತ ಮೊದಲು, ಮನೆಯವರೆಲ್ಲ ಸೇರಿದ್ದಾಗ ಗೌರವದಿಂದ ಇಳಿಸಿ, ಮುಂದೆ ನೀವು ಹೋಗಿ ನೆಲೆಸುವ ಮನೆಯಲ್ಲಿಯೇ ತೂಗುಹಾಕಿ.

ದೇವರ ಮನೆಯನ್ನು ಸ್ವಚ್ಛವಾಗಿಟ್ಟು ಒಂದು ದೀಪ ಇಟ್ಟರೆ ಸಾಕು. ಬರುವವರ ಮನೆತನದ ಆಚಾರ ಯಾವುದೋ ಏನೋ, ಜಾಗ ಸರಳವಾಗಿದ್ದಷ್ಟೂ ಎಲ್ಲರಿಗೂ ಒಗ್ಗುತ್ತದೆ.

ಅಡುಗೆಮನೆ, ಬಚ್ಚಲು, ನೀರು, ಬೆಳಕು

ಅಡುಗೆಕಟ್ಟೆಯ ಮೇಲೆ ಒಲೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಎತ್ತಿಡಿ. ಒಗ್ಗರಣೆಯ ಜಿಡ್ಡು ಹಿಡಿದ ಎಕ್ಸಾಸ್ಟ್ ಫ್ಯಾನನ್ನು ಬಿಚ್ಚಿ ಸೋಡಾಪುಡಿಯ ಬಿಸಿನೀರಿನಲ್ಲಿ ನೆನೆಹಾಕಿ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರಿನಿಂದ ನಲ್ಲಿಗಳ ಮೇಲೆ, ಟೈಲ್ಸ್ ಮೇಲೆ ಕಟ್ಟುವ ಬಿಳಿ ಪದರಕ್ಕೆ ನಿಂಬೆರಸ ಅಥವಾ ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಬಿಡುತ್ತದೆ. ಆದರೆ ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿಯದು, ಮೊಸಾಯಿಕ್‌ನಲ್ಲಿ ಸಿಮೆಂಟಿದೆ. ಇವೆರಡನ್ನೂ ಹುಳಿ ತಿಂದುಹಾಕುತ್ತದೆ, ಅಲ್ಲಿ ಬಳಸಬೇಡಿ. ಬಚ್ಚಲು ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನೊಂದಿಗೆ ಎಂದಿಗೂ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೆ ಎರವಾಗಬಹುದು.

ನಮ್ಮ ಕಡೆ ಮನೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ ನೀರಿನದು. ಕುಂದುವಾಡ ಕೆರೆಯ ನೀರು ನಿಮ್ಮ ಬೀದಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಲೀಟರಿನದು ಎಂಬುದಕ್ಕೆ ಉತ್ತರ ಬಾಯಲ್ಲಿರಬೇಕು. ಉದ್ದ, ಅಗಲ, ಆಳವನ್ನು ಅಡಿಗಳಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6x5x5 ಅಡಿಯ ಸಂಪಿನಲ್ಲಿ ಸುಮಾರು 4,245 ಲೀಟರ್ ಹಿಡಿಸುತ್ತದೆ. ಸಂಪನ್ನೂ ಮೇಲಿನ ಟ್ಯಾಂಕನ್ನೂ ತೊಳೆಸಿಡಿ, ತೊಟ್ಟಿಕ್ಕುವ ನಲ್ಲಿಗಳ ವಾಷರ್ ಬದಲಿಸಿ.

ಬೆಳಕಿಗೆ ಮೊದಲು ಕಿಟಕಿಯ ಗಾಜು ಮತ್ತು ಸೊಳ್ಳೆ ಪರದೆಯನ್ನು ತೊಳೆಯಬೇಕು. ಬೇಸಿಗೆಯ ಧೂಳು ಕುಳಿತ ಪರದೆ ಹಗಲಿನ ಬೆಳಕನ್ನು ಎಷ್ಟು ನುಂಗುತ್ತದೆಂಬುದು ತೊಳೆದ ಮೇಲೆಯೇ ಗೊತ್ತಾಗುವುದು. ಬಲ್ಬುಗಳು ಒಂದು ಕೋಣೆಯಲ್ಲಿ ಒಂದೇ ಬಗೆಯವಾಗಿರಲಿ. ಪೊಟ್ಟಣದ ಮೇಲೆ 3000 ಕೆಲ್ವಿನ್ ಎಂದಿರುವ ಎಲ್‌ಇಡಿ ಹಾಲ್‌ಗೂ ಮಲಗುವ ಕೋಣೆಗೂ ಹಿತ. ಅಡುಗೆಮನೆಗೆ 4000 ಆಗಬಹುದು. 6500ರ ನೀಲಿಬೆಳಕಿನಲ್ಲಿ ಹೊಸ ಬಣ್ಣದ ಗೋಡೆಯೂ ಆಸ್ಪತ್ರೆಯ ಗೋಡೆಯಂತೆ ಕಾಣುತ್ತದೆ.

ಮನೆ ಈಗಾಗಲೇ ಖಾಲಿ ಬಿದ್ದಿದ್ದರೆ ಎರಡು ವಿಷಯ ನೆನಪಿಡಿ. ಬಳಸದ ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ, ಅಂದರೆ ನೆಲದ ನೀರು ಹೊರಹೋಗುವ ಜಾಲರಿಯ ಕೆಳಗಿನ ಬಟ್ಟಲಿನಲ್ಲಿ, ನಿಂತಿರಬೇಕಾದ ನೀರು ಆವಿಯಾಗಿ ಹೋದರೆ ಒಳಚರಂಡಿಯ ಗಾಳಿ ನೇರವಾಗಿ ಮನೆಯೊಳಗೆ ಬರುತ್ತದೆ. ಎಷ್ಟು ಊದುಬತ್ತಿ ಹಚ್ಚಿದರೂ ಆ ವಾಸನೆ ಹೋಗದು, ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿದರೆ ಹೋಗುತ್ತದೆ. ಎರಡನೆಯದು, ಪೂರ್ತಿ ಖಾಲಿ ಕೋಣೆಯ ಅಳತೆ ಕಣ್ಣಿಗೆ ಸಿಗುವುದಿಲ್ಲ. ಮಲಗುವ ಕೋಣೆಯಲ್ಲಿ ಒಂದು ಮಂಚ, ಹಾಲ್‌ನಲ್ಲಿ ಎರಡು ಕುರ್ಚಿ ಮತ್ತು ಒಂದು ಟೀಪಾಯಿ ಇಟ್ಟರೂ ‘ಇಷ್ಟೆಲ್ಲ ಹಿಡಿಸುತ್ತದೆ’ ಎಂಬ ಅಂದಾಜು ಮೂಡುತ್ತದೆ. ಅವನ್ನು ಕೊಳ್ಳಬೇಕಿಲ್ಲ, ನೆಂಟರಿಂದ ಎರವಲು ತಂದರಾಯಿತು.

ಚಿತ್ರ, ಕಾಗದಪತ್ರ, ತೋರಿಸುವ ದಿನ

ಇಷ್ಟಾದ ಮೇಲೆ ಬೆಳಗಿನ ಎಂಟು ಹತ್ತರ ನಡುವೆ, ಕಿಟಕಿ ಬಾಗಿಲು ತೆರೆದಿಟ್ಟು, ಕೋಣೆಯ ಮೂಲೆಯಲ್ಲಿ ನಿಂತು ಎದೆಯ ಎತ್ತರದಲ್ಲಿ ಮೊಬೈಲನ್ನು ಅಡ್ಡ ಹಿಡಿದು ಚಿತ್ರಗಳನ್ನು ತೆಗೆಯಿರಿ. ಅಗಲ ಲೆನ್ಸಿನಿಂದ ಕೋಣೆಯನ್ನು ಹಿಗ್ಗಿಸಿ ತೋರಿಸಿದರೆ ನೇರವಾಗಿ ನೋಡಲು ಬಂದವರಿಗೆ ನಿರಾಸೆಯಾಗುತ್ತದೆ. ಬೀರು, ಲಾಕರ್, ಮಕ್ಕಳ ಶಾಲೆಯ ಹೆಸರಿರುವ ವಸ್ತುಗಳು ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಿ.

ಕಡತವೂ ಮನೆಯಷ್ಟೇ ಅಚ್ಚುಕಟ್ಟಾಗಿರಬೇಕು. ಕ್ರಯಪತ್ರ, ಇ-ಖಾತಾ, ಋಣಭಾರ ಪ್ರಮಾಣಪತ್ರ, ಪಾಲಿಕೆಯ ಕಂದಾಯ ರಸೀದಿ, ಕಟ್ಟಡದ ಪರವಾನಗಿ ಮತ್ತು ನಕ್ಷೆ, ಬೆಸ್ಕಾಂ ಹಾಗೂ ನೀರಿನ ಬಿಲ್, ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಇವೆಲ್ಲದರ ನಕಲುಗಳನ್ನು ಒಂದು ಫೈಲಿನಲ್ಲಿ ಕ್ರಮವಾಗಿ ಜೋಡಿಸಿಡಿ. ನಗರದ ಆಸ್ತಿ ನೋಂದಣಿಗೆ ಇ-ಖಾತಾ ಈಗ ಕಡ್ಡಾಯ. ಅದಿಲ್ಲದೆ ಮನೆಯನ್ನು ತೋರಿಸಲು ಆರಂಭಿಸಿದರೆ ಒಪ್ಪಿದ ಗಿರಾಕಿಯೂ ಕಾದು ಬೇಸತ್ತು ಹೋಗಬಹುದು. ಪಿತ್ರಾರ್ಜಿತ ಮನೆಯಾಗಿದ್ದರೆ ಅಕ್ಕತಂಗಿಯರನ್ನೂ ಒಳಗೊಂಡು ಹಕ್ಕುದಾರರೆಲ್ಲರ ಒಪ್ಪಿಗೆಯನ್ನು ಬಣ್ಣದ ಡಬ್ಬ ತೆರೆಯುವ ಮುನ್ನವೇ ಪಡೆದಿರಬೇಕು.

ತೋರಿಸುವ ದಿನ ಮನೆಯ ಒಬ್ಬರು ಮಾತ್ರ ಜೊತೆಗಿರಲಿ. ಗುಂಪಾಗಿ ಹಿಂದೆ ಸುತ್ತಿದರೆ ಬಂದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲಾರರು. ಬಾಗಿಲು ತೆರೆದು, ನೀರು ಕೊಟ್ಟು, ಒಂದು ಸುತ್ತು ತೋರಿಸಿ, ‘ನೀವೇ ನಿಧಾನಕ್ಕೆ ನೋಡಿ, ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ’ ಎಂದು ಹೇಳಿ ಹೊರಬನ್ನಿ. ಆ ಹತ್ತು ನಿಮಿಷದಲ್ಲಿ ಅವರು ತಮ್ಮ ಮಂಚವನ್ನೂ ಬೀರುವನ್ನೂ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾರೆ. ಚಹಾ, ಮಂಡಕ್ಕಿ ಉಪಚಾರವನ್ನು ಅವರು ನೋಡಿ ಮುಗಿಸಿದ ಮೇಲೆ ಮಾಡಿ.

ಅಣಿಗೊಳಿಸಿದ ಮನೆಯಲ್ಲಿ ಒಂದು ತೊಡಕು ಹುಟ್ಟುವ ಸಾಧ್ಯತೆಯಿದೆ: ಕಂಡದ್ದೆಲ್ಲವೂ ಮನೆಯ ಜೊತೆಗೇ ಬರುತ್ತದೆಂದು ಕೊಳ್ಳುವವರು ಭಾವಿಸಬಹುದು. ಫ್ಯಾನು, ಗೀಸರ್, ಸೋಲಾರ್ ಹೀಟರ್, ಯುಪಿಎಸ್, ಪರದೆ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಪಟ್ಟಿಯನ್ನು ಕರಾರು ಪತ್ರದಲ್ಲೇ ಬರೆಸಬೇಕು, ಕೊಡಲಾಗದ ವಸ್ತುವನ್ನು ತೋರಿಸುವ ಮುನ್ನವೇ ಸಾಗಿಸಬೇಕು. ನಾನು ಇದೊಂದನ್ನು ಮರೆತಿದ್ದೆ. ಸಾಮಾನು ಇಳಿಸಿ ವಿಶಾಲವಾಗಿದ್ದ ಹಾಲ್‌ನ ನಡುವೆ ಅಜ್ಜಿಯ ತೂಗುಮಣೆಯನ್ನು ಚೆಂದ ಕಾಣಲೆಂದು ಹಾಗೇ ಬಿಟ್ಟಿದ್ದೆ. ಕೊಂಡವರ ಮಗಳು ಮೊದಲ ದಿನವೇ ಅದರ ಮೇಲೆ ಕುಳಿತು ಇಳಿಯಲಿಲ್ಲ, ಮಾತುಕತೆಯಲ್ಲಿ ಅವರು ಅದನ್ನೂ ಬೆಲೆಗೆ ಸೇರಿಸಿಕೊಂಡಿದ್ದರು. ಕರಾರಿನ ದಿನ ಅದು ಬೇರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆ ತೂಗುಮಣೆ ಇಂದಿಗೂ ನಿಟುವಳ್ಳಿಯ ಆ ಮನೆಯಲ್ಲೇ ಇದೆ.